ಕೊನೆಯ ಸಲ ಕುಡಿದದ್ದು ಯಾವಾಗ?

2020ರ ಆಗಸ್ಟ್ ತಿಂಗಳ ಒಂದು ರಾತ್ರಿ. ಎರಡು ಗಂಟೆ ದಾಟಿತ್ತು. ಕೋವಿಡ್ ವಾರ್ಡಿನಿಂದ ಸಿಸ್ಟರ್ ಒಬ್ಬರು ಫೋನ್ ಮಾಡಿದರು. ಪಿಪಿಇ ಉಡುಪಿನೊಳಗಿಂದ ಬರುವ ಮಾತು ಬಾವಿಯ ತಳದಿಂದ ಬಂದಂತೆ ಕೇಳುತ್ತದೆ. “ಮೇಡಂ, ಹದಿನಾಲ್ಕನೇ ಹಾಸಿಗೆಯವರು ಆಕ್ಸಿಜನ್ ಮಾಸ್ಕ್ ಕಿತ್ತು ಎಸೆಯುತ್ತಿದ್ದಾರೆ. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಅಂಗೈಯಲ್ಲಿ ಒರೆಸುತ್ತಿದ್ದಾರೆ. ಇಬ್ಬರು ಹಿಡಿದರೂ ನಿಲ್ಲುತ್ತಿಲ್ಲ. ಆಕ್ಸಿಜನ್ ಇಳಿದು ಹೀಗಾಗಿದೆಯೇನೋ ಎಂದು ಡಾಕ್ಟರು ಹೇಳುತ್ತಿದ್ದಾರೆ.” ನಾನು ಕೇಳಿದ್ದು ಇಷ್ಟೇ: “ಅವರು ಸೇರಿ ಎಷ್ಟು ದಿನವಾಯಿತು?” “ಇವತ್ತಿಗೆ ಮೂರು.”

ಮೂರು ದಿನ ಎಂದೊಡನೆ ಎದೆ ಧಸಕ್ಕೆಂದಿತು. ಮನೆಯವರಿಗೆ ಫೋನ್ ಮಾಡಿ, ಅವರು ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿ ಎಂದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ದಿನಕ್ಕೆ ಎರಡು ಕ್ವಾರ್ಟರ್, ಹದಿನೆಂಟು ವರ್ಷಗಳಿಂದ. ಆಂಬುಲೆನ್ಸ್ ಬರುವ ಬೆಳಿಗ್ಗೆಯೂ ಸ್ವಲ್ಪ ತೆಗೆದುಕೊಂಡಿದ್ದರು. ಅವರ ಕೇಸ್ ಶೀಟಿನಲ್ಲಿ ಸಕ್ಕರೆ ಕಾಯಿಲೆಯ ವಿವರವಿತ್ತು, ರಕ್ತದೊತ್ತಡದ ವಿವರವಿತ್ತು, ಯಾರ ಸಂಪರ್ಕದಿಂದ ಸೋಂಕು ತಗುಲಿತು, ಯಾವ ಮದುವೆಗೆ ಹೋಗಿದ್ದರು ಎಂಬುದು ಕೂಡ ಇತ್ತು. ಇದೊಂದು ಇರಲಿಲ್ಲ.

ನಾನು ಭದ್ರಾ ನಾಲೆಯ ಬಯಲಿನ ಒಂದು ಊರಿನಲ್ಲಿ ವ್ಯಸನಮುಕ್ತಿ ವಿಭಾಗದ ಆಪ್ತ ಸಮಾಲೋಚಕಿ. ಔಷಧ ಬರೆಯುವವಳಲ್ಲ. ಕುಡಿತ ಬಿಡಲು ಬಂದವರ ಜೊತೆ ಕುಳಿತು ಮಾತನಾಡುವುದು, ಅವರ ಮನೆಯವರ ಮಾತು ಕೇಳುವುದು, ಬಿಟ್ಟ ಮೇಲೆ ವರ್ಷಗಟ್ಟಲೆ ಅವರ ಜೊತೆಗಿರುವುದು ನನ್ನ ಕೆಲಸ. ಆ ಎರಡು ವರ್ಷಗಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆದರೆ ಪ್ರತಿ ಸಲವೂ ಆ ರಾತ್ರಿಯ ಫೋನ್ ಕರೆಯ ಬಳಿಯೇ ಬಂದು ನಿಂತುಬಿಡುತ್ತಿದ್ದೆ.

ಮೂರನೆಯ ದಿನಕ್ಕೆ ನಾನೇಕೆ ಅಷ್ಟು ಹೆದರಿದೆ ಎಂಬುದನ್ನು ಹೇಳಬೇಕು. ಹತ್ತಾರು ವರ್ಷ ದಿನವೂ ಕುಡಿದವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನನ್ನು ತಾನೇ ಎಚ್ಚರದಲ್ಲಿಟ್ಟುಕೊಳ್ಳಲು ಒಳಗಿನಿಂದ ಹೆಚ್ಚು ಹೆಚ್ಚು ಜೋರು ಹಾಕುವುದನ್ನು ಕಲಿತಿರುತ್ತದೆ. ಭಾರದ ಗಾಡಿ ಎಳೆಯುತ್ತಿರುವ ಎತ್ತಿನ ಹಗ್ಗವನ್ನು ಏರಿನ ನಡುವೆ ಕೊಯ್ದುಬಿಟ್ಟರೆ ಅದು ಮುಂದಕ್ಕೆ ಮುಗ್ಗರಿಸುತ್ತದೆ, ಹಾಗೆ. ಕುಡಿತ ನಿಂತು ಆರೆಂಟು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುವ ಸ್ಥಿತಿ. ನಮ್ಮ ಕಡೆ ಹಳಬರು ಇದನ್ನು ಸನ್ನಿ ಎನ್ನುತ್ತಾರೆ, ಒಳ್ಳೆಯ ಮಾತು ಅದು. ಹೊತ್ತು ತಿಳಿಯುವುದಿಲ್ಲ, ಜಾಗ ತಿಳಿಯುವುದಿಲ್ಲ, ಇಲ್ಲದ ಹುಳುಹುಪ್ಪಟೆ ಕಾಣುತ್ತವೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಸಿಕ್ಕರೆ ಬಹುಪಾಲು ಮಂದಿ ಉಳಿಯುತ್ತಾರೆ. ಬೇಕಾಗುವುದು ಡಯಜೆಪಾಂ, ಲೊರಜೆಪಾಂನಂಥ ಹಳೆಯ ಔಷಧಗಳು, ಬಿ1 ವಿಟಮಿನ್ ಆದ ಥಯಾಮಿನ್ ಇಂಜೆಕ್ಷನ್, ನೀರಿನಂಶ, ಮತ್ತು ಪಕ್ಕದಲ್ಲಿ ಗಾಬರಿಯಾಗದ ಒಬ್ಬ ಮನುಷ್ಯ. ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ ಕೊಡಬೇಕೆಂಬುದನ್ನು ನಮ್ಮ ವಾರ್ಡಿನ ಆಯಾಗಳೂ ಬಲ್ಲರು.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಮಾತನಾಡಿದರು. ನಾಲ್ಕು ಗಂಟೆಗಳಲ್ಲಿ ದೇಶ ಮುಚ್ಚಿತು. ಅಷ್ಟರಲ್ಲಿ ರಾಜ್ಯದ ಮದ್ಯದಂಗಡಿಗಳೂ ಬಾಗಿಲು ಹಾಕಿದ್ದವು. ಹಿಂದಿನ ವರ್ಷವಷ್ಟೇ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಟವಾಗಿತ್ತು. ದೇಶದಲ್ಲಿ ಮದ್ಯದ ಮೇಲೆ ಪೂರ್ತಿ ಅವಲಂಬಿತರಾದವರು ಸುಮಾರು 2.9 ಕೋಟಿ ಎಂದೂ, ಅಂಥ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದೂ ಅದರಲ್ಲಿ ಬರೆದಿತ್ತು. ಅಂದರೆ ಉಳಿದ 37 ಮಂದಿಯ ಹೆಸರು ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇಲ್ಲ. ಅವರೆಲ್ಲರ ಹಗ್ಗವನ್ನೂ ಒಂದೇ ವಾರದಲ್ಲಿ ಕೊಯ್ದಂತಾಯಿತು. ಮುಚ್ಚಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮುಚ್ಚುವ ಮುಂಚೆ ಈ ಜನ ನಾಳೆ ಏನಾಗುತ್ತಾರೆಂದು ಯಾರೂ ಕೇಳದೆ ಹೋದರಲ್ಲ, ಅದು ತಪ್ಪು.

ಕೇರಳ ಕೇಳಿತು, ಆದರೆ ಉತ್ತರವನ್ನು ಅವಸರದಲ್ಲಿ ಕೊಟ್ಟುಕೊಂಡಿತು. ಮದ್ಯ ಸಿಗದೆ ಆತ್ಮಹತ್ಯೆಗಳಾದ ಸುದ್ದಿ ಬಂದಾಗ, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಬಹುದೆಂದು ಮಾರ್ಚ್ 30ರಂದು ಆದೇಶ ಹೊರಡಿಸಿತು. ವೈದ್ಯರೇ ಅದನ್ನು ವಿರೋಧಿಸಿದರು. ಏಪ್ರಿಲ್ 2ರಂದು ಕೇರಳ ಹೈಕೋರ್ಟ್ ತಡೆ ನೀಡಿತು. ನಾನು ಆಗಲೂ ವೈದ್ಯರ ಪರ, ಈಗಲೂ ಹೌದು. ಬೇಕಾಗಿದ್ದ ಔಷಧ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವಂಥದ್ದೇ. ಆದರೂ ಆ ರಾಜ್ಯ ಈ ಜನರನ್ನು ರೋಗಿಗಳು ಎಂದು ಒಪ್ಪಿಕೊಂಡಿತ್ತು ಎಂಬುದನ್ನು ಮರೆಯಲಾರೆ. ನಮ್ಮ ಬೆಂಗಳೂರಿನ ಆಸ್ಪತ್ರೆಗಳಿಗೆ ಆ ದಿನಗಳಲ್ಲಿ ತೀವ್ರ ಸ್ಥಿತಿಯಲ್ಲಿ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ಆಮೇಲೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಿಸಿದರು. ಬೆಂಗಳೂರಿಗೆ ಬರಲಾಗದವರು ತಮ್ಮ ತಮ್ಮ ಮನೆಯ ಜಗಲಿಯಲ್ಲಿ ನಡುಗಿದರು.

ನಮ್ಮ ವಾರ್ಡನ್ನು ಏಪ್ರಿಲ್‌ನಲ್ಲಿ ಕೋವಿಡ್‌ಗೆ ಬಿಟ್ಟುಕೊಟ್ಟೆವು. ಒಳಗಿದ್ದ ಹನ್ನೊಂದು ಮಂದಿಯನ್ನು ಮನೆಗೆ ಕಳುಹಿಸಿದೆವು, ಇಬ್ಬರಿಗೆ ಇನ್ನೂ ವಾರದ ಚಿಕಿತ್ಸೆ ಬಾಕಿ ಇತ್ತು. ಶುಕ್ರವಾರದ ಗುಂಪು ಸಭೆ ನಿಂತಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುತ್ತಿದ್ದ ಮಾನಸಿಕ ಆರೋಗ್ಯದ ಮನೋಚೈತನ್ಯ ಶಿಬಿರಕ್ಕೆ ಜನ ಬರುವುದು ನಿಂತಿತು. ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಕಲ್ಯಾಣ ಮಂಟಪಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳೂ ನಿಂತವು. ಎಷ್ಟೋ ಜನ ನಮ್ಮಲ್ಲಿಗೆ ಬರುವುದಕ್ಕೆ ಮೊದಲು ಆ ಶಿಬಿರದಲ್ಲಿ ಮಾಲೆ ಹಾಕಿಸಿಕೊಂಡು, ಹೆಂಡತಿ ಮಕ್ಕಳ ಮುಂದೆ ಮಾತು ಕೊಟ್ಟವರು. ಕುಡಿತ ಬಿಟ್ಟವರಿಗೆ ಔಷಧಕ್ಕಿಂತ ಮಿಗಿಲಾಗಿ ಬೇಕಾಗುವುದು ತಮ್ಮಂಥವರ ಪಕ್ಕದಲ್ಲಿ ಒಂದು ಗಂಟೆ ಕುಳಿತುಕೊಳ್ಳುವುದು. ಸರ್ಕಾರ ಆಗ ಹೇಳುತ್ತಿದ್ದುದು ಯಾರ ಪಕ್ಕದಲ್ಲೂ ಕುಳಿತುಕೊಳ್ಳಬೇಡಿ ಎಂದು.

ನನ್ನ ಬಳಿ ಉಳಿದದ್ದು ಒಂದು ನೋಟ್‌ಬುಕ್ಕು. ಅದರಲ್ಲಿ 62 ಫೋನ್ ನಂಬರುಗಳು. ಮಾರ್ಚ್ ಕೊನೆಯ ವಾರದಿಂದ ದಿನವೂ ಸಂಜೆ ಆರೂವರೆಗೆ ಕರೆ ಮಾಡಲು ಕುಳಿತೆ. ಬೆಳಿಗ್ಗೆ ಮಾಡಬಹುದಿತ್ತು. ಆದರೆ ಕುಡಿಯುವವರ ಮನಸ್ಸು ಹರಿಯುವುದು ಮುಸ್ಸಂಜೆಗೆ. ದೀಪ ಹಚ್ಚುವ ಹೊತ್ತಿಗೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ ಎಂದು ಅವರೇ ಹೇಳುತ್ತಾರೆ. ಆ ಒಂದು ಗಂಟೆ ಯಾರಾದರೂ ಮಾತಿಗೆ ಸಿಕ್ಕರೆ ಆ ದಿನ ದಾಟಿದಂತೆ.

ಅವರಲ್ಲಿ ಒಬ್ಬರು ಗಾರೆ ಮೇಸ್ತ್ರಿ. ಹೆಸರು ಬೇಡ, ನಾನು ಅವರನ್ನು ಕರೆಯುತ್ತಿದ್ದುದೂ ಮೇಸ್ತ್ರಿ ಎಂದೇ. ಮಾರ್ಚ್ ಹೊತ್ತಿಗೆ ಬಿಟ್ಟು ಏಳು ತಿಂಗಳಾಗಿತ್ತು. ಕೆಲಸ ನಿಂತು, ಎರಡು ಕೋಣೆಯ ಮನೆಯಲ್ಲಿ ಅಣ್ಣತಮ್ಮಂದಿರ ಸಂಸಾರಗಳೆಲ್ಲ ಸೇರಿ ಹನ್ನೊಂದು ಜನ. ಇರುವುದು ಒಂದು ಕೀಪ್ಯಾಡ್ ಮೊಬೈಲ್. ಫೋನಿನಲ್ಲಿ ಕೌನ್ಸೆಲಿಂಗ್ ಮಾಡಿ ಎಂದು ಸುತ್ತೋಲೆ ಬರೆಯುವುದು ಸುಲಭ. ತಮ್ಮನ ಹೆಂಡತಿ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತಿರುವಾಗ ಒಬ್ಬ ಗಂಡಸು “ನನಗೆ ಇವತ್ತು ಬಹಳ ಕುಡಿಯಬೇಕೆನಿಸುತ್ತಿದೆ” ಎಂದು ಹೇಗೆ ಹೇಳುತ್ತಾನೆ? ಕಡೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನಾನು “ಊಟವಾಯಿತೇ ಮೇಸ್ತ್ರಿ?” ಎಂದು ಕೇಳುವುದು. “ಆಯಿತು ಮೇಡಂ” ಎಂದರೆ ಎಲ್ಲ ಸರಿ ಇದೆ. “ಇನ್ನೂ ಇಲ್ಲ” ಎಂದರೆ ಆಸೆ ಏರಿದೆ ಎಂದು ಅರ್ಥ, ಆಗ ಅವರು ದನದ ಕೊಟ್ಟಿಗೆಗೆ ಹೋಗಿ ಮಿಸ್ಡ್ ಕಾಲ್ ಕೊಡುವುದು. ಏಪ್ರಿಲ್‌ನಲ್ಲಿ ಮೇಸ್ತ್ರಿಯ ಊಟ ಆಗದ ದಿನಗಳು ಒಂಬತ್ತು. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ್ದೇನೆ. ಒಂಬತ್ತು ಸಲವೂ ಕೊಟ್ಟಿಗೆಯಿಂದ ಮಿಸ್ಡ್ ಕಾಲ್ ಬಂತು. ಹಿಂದೆ ಎಮ್ಮೆ ಕೂಗುವುದು ನನಗೆ ಇಲ್ಲಿ ಕೇಳುತ್ತಿತ್ತು.

ಮಾತ್ರೆಯ ಕಥೆ ಬೇರೆ. ಮಾರ್ಚ್ 25ರಂದು ಕೇಂದ್ರ ಟೆಲಿಮೆಡಿಸಿನ್ ಮಾರ್ಗಸೂಚಿ ತಂದಿತು. ವೈದ್ಯರು ಫೋನಿನಲ್ಲಿ ನೋಡಿ ಔಷಧ ಬರೆಯಲು ದಾರಿಯಾಯಿತು, ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಡಯಜೆಪಾಂನಂಥ, ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಗಳನ್ನು ಹಾಗೆ ಬರೆಯುವಂತಿರಲಿಲ್ಲ. ಕಾರಣ ನ್ಯಾಯವಾದದ್ದೇ, ಅವುಗಳ ದುರ್ಬಳಕೆ ಆಗುತ್ತದೆ. ಆದರೆ ನಮ್ಮವರಿಗೆ ಕೆಲವೊಮ್ಮೆ ತುರ್ತಾಗಿ ಬೇಕಾಗುವುದೇ ಅವು. ಹೆಚ್ಚು ದಿನದ್ದು ಒಟ್ಟಿಗೆ ಕೊಟ್ಟರೆ ಒಂದೇ ಸಲ ನುಂಗಿಬಿಟ್ಟಾರೆಂಬ ಭಯ, ಕಡಿಮೆ ಕೊಟ್ಟರೆ ಮುಗಿದಾಗ ಬಸ್ಸಿಲ್ಲ. ಅಫೀಮಿನ ಜಾತಿಯ ಮಾದಕಗಳಿಗೆ ಚಿಕಿತ್ಸೆ ಪಡೆಯುವವರ ವಿಚಾರದಲ್ಲಿ ಎಲ್ಲೆಡೆ ಇದೇ ಸಂಕಟ. ಅವರು ದಿನವೂ ಕೇಂದ್ರಕ್ಕೆ ಬಂದು ಸಿಬ್ಬಂದಿಯ ಎದುರೇ ಔಷಧ ತೆಗೆದುಕೊಳ್ಳಬೇಕೆಂಬುದು ಹಳೆಯ ಕ್ರಮ. ಅಮೆರಿಕದಲ್ಲಿ ಆ ಮಾರ್ಚ್‌ನಲ್ಲಿ, ಸ್ಥಿರವಾಗಿರುವವರಿಗೆ 28 ದಿನದ, ಅಷ್ಟು ಸ್ಥಿರವಲ್ಲದವರಿಗೆ 14 ದಿನದ ಮೆಥಡೋನ್ ಎಂಬ ಆ ಔಷಧವನ್ನು ಮನೆಗೇ ಕೊಡಬಹುದೆಂದು ಸಡಿಲಿಸಿದರು. ಪಂಜಾಬಿನಲ್ಲೂ ಅಂಥದ್ದೇ ಔಷಧವಾದ ಬ್ಯುಪ್ರೆನಾರ್ಫಿನ್ ಮನೆಗೆ ಒಯ್ಯಲು ಬಿಟ್ಟರು. ಎಷ್ಟೋ ವರ್ಷ ರೋಗಿಯನ್ನು ನಂಬಬಾರದು ಎಂದುಕೊಂಡೇ ನಡೆದ ಪದ್ಧತಿ, ಬೇರೆ ದಾರಿಯಿಲ್ಲದೆ ನಂಬಿತು.

ನಮ್ಮಲ್ಲಿ ನಂಬಿದ್ದು ಹೀಗೆ: ವಾರಕ್ಕೆ ಆಗುವಷ್ಟು ಮಾತ್ರೆಯನ್ನು ಲಕೋಟೆಗೆ ಹಾಕಿ, ಹೆಸರಿನ ಬದಲು ನಂಬರ್ ಬರೆದು, ಹಾಲಿನ ಡೈರಿಯ ಗಾಡಿಯಲ್ಲಿ ಕಳುಹಿಸುವುದು. ಪೊಲೀಸರು ಅದನ್ನು ತಡೆಯುತ್ತಿರಲಿಲ್ಲ. ಡೈರಿಯಿಂದ ಆಶಾ ಕಾರ್ಯಕರ್ತೆ ಒಯ್ದು ಮನೆಯ ಹೆಂಗಸರ ಕೈಗೆ ಕೊಡುತ್ತಿದ್ದರು. ಆ ಆಶಾ ಕಾರ್ಯಕರ್ತೆಯರಿಗೆ ದಿನಕ್ಕೆ ನೂರು ಮನೆಯ ಜ್ವರದ ಸಮೀಕ್ಷೆ, ಕ್ವಾರಂಟೈನ್ ಮನೆಗಳ ಕಾವಲು, ಜನರ ಬೈಗುಳ, ಎಲ್ಲದರ ನಡುವೆ ಇದೂ ಒಂದು. ಒಬ್ಬರೂ ಬೇಡ ಎನ್ನಲಿಲ್ಲ. ಅವರಿಗೆ ಇದಕ್ಕಾಗಿ ಯಾರೂ ಒಂದು ರೂಪಾಯಿ ಕೊಡಲಿಲ್ಲ.

ಸ್ಯಾನಿಟೈಜರ್ ಬಗ್ಗೆ ಬರೆಯಲೇಬೇಕು. ಜಗತ್ತಿಗೆ ಅದು ರಕ್ಷಣೆ. ನಮ್ಮವರಿಗೆ ಪ್ರತಿ ಅಂಗಡಿಯ ಬಾಗಿಲಲ್ಲಿ ಇಟ್ಟ ಹೆಂಡದ ವಾಸನೆ. ರಾಜ್ಯದ ಡಿಸ್ಟಿಲರಿಗಳೇ ಆಗ ಸ್ಯಾನಿಟೈಜರ್ ತಯಾರಿಸಿದವು, ಆ ವಾಸನೆಯನ್ನು ನಮ್ಮವರ ಮೂಗು ಮರೆತಿರಲಿಲ್ಲ. ಒಬ್ಬ ಆಟೋ ಚಾಲಕರು ಹೇಳಿದರು: “ಕೈಗೆ ಹಾಕಿಕೊಂಡಾಗಲೆಲ್ಲ ಮೂಗಿನ ಹತ್ತಿರ ತರುತ್ತೇನೆ ಅಕ್ಕ. ತರಬಾರದು ಎಂದು ಗೊತ್ತು.” ಜೂನ್‌ನಲ್ಲಿ ಮೇಸ್ತ್ರಿಗೆ ಕೆಲಸ ಸಿಕ್ಕಿ, ಕಟ್ಟಡದ ಗೇಟಿನಲ್ಲಿ ಮತ್ತೆ ಮತ್ತೆ ಕೈಗೆ ಸುರಿಸಿಕೊಂಡು ಒಳಹೋದರು. ಮಧ್ಯಾಹ್ನದೊಳಗೆ ಮುಖ ಕೆಂಪೇರಿತು, ಎದೆ ಹೊಡೆದುಕೊಳ್ಳತೊಡಗಿತು, ತಲೆ ಸಿಡಿಯಿತು. ತನಗೆ ಕೊರೊನಾ ಬಂತೆಂದು ಮನೆಗೆ ಹೋಗದೆ ಊರ ಹೊರಗಿನ ಗುಡಿಯಲ್ಲಿ ಕುಳಿತು ಫೋನ್ ಮಾಡಿದರು. ಅವರು ತೆಗೆದುಕೊಳ್ಳುತ್ತಿದ್ದುದು ಮತ್ತೆ ಕುಡಿಯದಂತೆ ತಡೆಯಲು ಕೊಡುವ ಡೈಸಲ್ಫಿರಾಮ್ ಮಾತ್ರೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅದು ಮತ್ತೆ ಒಡೆದು ಹೋಗಬೇಕು. ಈ ಮಾತ್ರೆ ಆ ಎರಡನೆಯ ಹಂತವನ್ನು ತಡೆಯುತ್ತದೆ, ಹಾಗಾಗಿ ಕುಡಿದರೆ ವಿಷವೇರಿದಂತಾಗುತ್ತದೆ. ಆಲ್ಕೋಹಾಲ್ ಇರುವ ಸ್ಯಾನಿಟೈಜರಿನ ಆವಿಯಿಂದಲೂ ಚರ್ಮದ ಮೂಲಕವೂ ಕೆಲವರಿಗೆ ಹೀಗಾಗುವುದುಂಟು. ನಮ್ಮ ವೈದ್ಯರು ಅಂದೇ ಎಲ್ಲರಿಗೂ ಹೇಳಿಸಿದರು: ಸೋಪು, ನೀರು, ಅಷ್ಟೇ. ಮೇಸ್ತ್ರಿ ಅಂದಿನಿಂದ ಜೇಬಿನಲ್ಲಿ ಸೋಪಿನ ತುಂಡು ಇಟ್ಟುಕೊಂಡು ಓಡಾಡಿದರು. ಗೇಟಿನಲ್ಲಿ ಕಾವಲುಗಾರನಿಗೆ ಪ್ರತಿದಿನ ವಿವರಿಸಬೇಕಾಗಿ ಬಂದು, ತಾನು ಕುಡಿತ ಬಿಟ್ಟವನು ಎಂಬುದನ್ನು ಅವರು ಮೊದಲ ಬಾರಿ ಹೊರಗಿನವರೊಬ್ಬರಿಗೆ ಬಾಯಿಬಿಟ್ಟು ಹೇಳಿದರು. ಆ ವರ್ಷದ ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡಿನಲ್ಲಿ, ಮದ್ಯದಂಗಡಿ ಮುಚ್ಚಿದ್ದರಿಂದ ಸ್ಯಾನಿಟೈಜರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿ ಬಂದಾಗ ನಾನು ನೋಟ್‌ಬುಕ್ಕು ತೆಗೆದು ಆ ಸಂಜೆ 62 ಜನಕ್ಕೂ ಕರೆ ಮಾಡಿದೆ.

62 ಎಂದೆ. ಅಂದು ಉತ್ತರ ಬಂದದ್ದು 61ರಿಂದ. ಹದಿನೇಳನೆಯ ನಂಬರು ಮಾರ್ಚ್ ಕೊನೆಯಿಂದಲೂ ಸ್ವಿಚ್ ಆಫ್. ಫೆಬ್ರವರಿಯಲ್ಲಿ ಮತ್ತೆ ಕುಡಿತಕ್ಕೆ ಜಾರಿ, ಏಪ್ರಿಲ್‌ನಲ್ಲಿ ಬಂದು ಸೇರುತ್ತೇನೆ ಎಂದಿದ್ದ ಹುಡುಗ. ಕರೆನ್ಸಿ ಮುಗಿದಿರಬೇಕು, ಮಳೆ ಬಿದ್ದ ಮೇಲೆ ಬರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆಗಸ್ಟ್‌ನಲ್ಲಿ ಅವನ ತಾಯಿ ಹಳೆಯ ಚೀಟಿ ಹಿಡಿದು ಬಂದರು. ಅಂಗಡಿ ಮುಚ್ಚಿದ ಎರಡನೆಯ ದಿನ ಹೊಲದ ಬದುವಿನ ಮೇಲೆ ಫಿಟ್ಸ್ ಬಂದು ಬಿದ್ದಿದ್ದಾನೆ. ಗಾಡಿ ಸಿಗಲಿಲ್ಲ. “ಬಿಟ್ಟರೆ ಒಳ್ಳೆಯದಾಗುತ್ತದೆ ಎಂದು ನಾನೇ ಸುಮ್ಮನಿದ್ದೆನಮ್ಮ” ಎಂದರು. ಅವರಿಗೆ ಏನು ಹೇಳಲಿ? ಒಮ್ಮೆಲೇ ಬಿಡಿಸಬೇಡಿ, ಬಿಡುವ ದಿನ ಆಸ್ಪತ್ರೆಯಲ್ಲಿರಲಿ ಎಂದು ಆ ತಾಯಿಗೆ ಹೇಳಬೇಕಾದವಳು ನಾನು.

ಇದರ ಜೊತೆಗೆ ಇನ್ನೊಂದನ್ನೂ ಹೇಳದಿದ್ದರೆ ಸುಳ್ಳು ಬರೆದಂತಾಗುತ್ತದೆ. ಆ ನಲವತ್ತು ದಿನಗಳಲ್ಲಿ ನನಗೆ ಫೋನ್ ಮಾಡಿದ ಹೆಂಗಸರಲ್ಲಿ ಎಷ್ಟೋ ಜನ ಸಂತೋಷದಲ್ಲಿದ್ದರು. “ಈ ಅಂಗಡಿ ಹೀಗೇ ಮುಚ್ಚಿರಲಿ ಎಂದು ಬರೆದು ಹಾಕಿ ಅಕ್ಕ, ನಾನು ಹೆಬ್ಬೆಟ್ಟು ಒತ್ತುತ್ತೇನೆ” ಎಂದರು ಒಬ್ಬರು. ಮನೆಯಲ್ಲಿ ಪಾತ್ರೆ ಹಾರಲಿಲ್ಲ, ಮಕ್ಕಳು ಅಪ್ಪನ ಪಕ್ಕದಲ್ಲಿ ಮಲಗಿದರು. ಮೇ 4ರಂದು ಅಂಗಡಿಗಳು ತೆರೆದವು. ಹಿಂದಿನ ರಾತ್ರಿಯಿಂದಲೇ ಚಪ್ಪಲಿ, ಕಲ್ಲು, ಚೀಲ ಇಟ್ಟು ಸಾಲು ಹಿಡಿದಿದ್ದರು. ಮೊದಲ ದಿನ ರಾಜ್ಯದಲ್ಲಿ ಮಾರಾಟ 45 ಕೋಟಿ, ಮರುದಿನ 197 ಕೋಟಿ ಎಂದು ಪತ್ರಿಕೆಗಳು ಬರೆದವು. ಆ ಹೆಂಗಸು ಮತ್ತೆ ಫೋನ್ ಮಾಡಲಿಲ್ಲ. ನಲವತ್ತು ದಿನ ಕುಡಿಯದೆ ಉಳಿದ ಲಕ್ಷಾಂತರ ಜನ ನಮ್ಮ ರಾಜ್ಯದಲ್ಲಿದ್ದರು. ಮೊದಲ ನಾಲ್ಕು ದಿನದ ನರಕವನ್ನು ಅವರು ತಾವಾಗಿ ದಾಟಿದ್ದರು. ಅವರನ್ನು ಹುಡುಕಿಕೊಂಡು ಹೋಗಿ ಇನ್ನು ಮುಂದಕ್ಕೆ ನಾವಿದ್ದೇವೆ ಎನ್ನಲು ಅಂಥ ಕಾಲ ಮತ್ತೆ ಬರಲಾರದು. ಅಂಗಡಿ ತೆರೆಯುವ ಸಮಯ ಬೆಳಿಗ್ಗೆ ಒಂಬತ್ತು, ಮುಚ್ಚುವುದು ಸಂಜೆ ಏಳು, ಸಾಲಿನಲ್ಲಿ ಅಂತರವಿರಲಿ ಎಂದೆಲ್ಲ ಆದೇಶ ಬಂತು. ಅಂಗಡಿಯ ಪಕ್ಕದಲ್ಲಿ ಒಂದು ಸಹಾಯವಾಣಿಯ ನಂಬರ್ ಬರೆದ ಹಲಗೆ ಹಾಕಿ ಎಂದು ಬರಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಹಾಲು, ತರಕಾರಿಯ ಜೊತೆಗೇ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮದ್ಯವನ್ನು ಒಯ್ಯಲು ಬಿಟ್ಟರು. ಜನಸಂದಣಿಯ ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಬೆಳಿಗ್ಗೆ ಎದ್ದೊಡನೆ ಕುಡಿಯುವುದು ಈ ಕಾಯಿಲೆ ಬಲಿತದ್ದರ ಗುರುತು. ಸಂಜೆಯಷ್ಟೇ ಕುಡಿಯುತ್ತಿದ್ದ ಕೆಲವರು ಆ ತಿಂಗಳು ಬೆಳಗಿನ ರೂಢಿಗೆ ಬಿದ್ದು ಆಮೇಲೆ ನಮ್ಮಲ್ಲಿಗೆ ಬಂದರು.

ಹದಿನಾಲ್ಕನೇ ಹಾಸಿಗೆಗೆ ಮರಳುತ್ತೇನೆ. ನಮ್ಮ ಮನೋವೈದ್ಯರು ಆ ರಾತ್ರಿಯೇ ಫೋನಿನಲ್ಲಿ ಡ್ಯೂಟಿ ಡಾಕ್ಟರ ಜೊತೆ ಮಾತನಾಡಿದರು. ಉಸಿರಾಟದ ತೊಂದರೆ ಇರುವವರಿಗೆ ಮಂಪರಿನ ಔಷಧವನ್ನು ಅಳೆದು ತೂಗಿ ಕೊಡಬೇಕು. ಸ್ವಲ್ಪ ಹೆಚ್ಚಾದರೆ ಉಸಿರು ನಿಲ್ಲಬಹುದು, ಕಡಿಮೆಯಾದರೆ ಮಾಸ್ಕ್ ಕೀಳುತ್ತಾರೆ. ಥಯಾಮಿನ್ ಕೊಟ್ಟರು. ಗೋಡೆಯ ಕಡೆಯ ದೀಪ ಉರಿಸಿಯೇ ಇಟ್ಟರು, ಕತ್ತಲೆಯಲ್ಲಿ ಭ್ರಮೆ ಹೆಚ್ಚುತ್ತದೆ. ಸಿಸ್ಟರ್ ಪಿಪಿಇಯ ಎದೆಯ ಮೇಲೆ ಮಾರ್ಕರ್‌ನಲ್ಲಿ ತಮ್ಮ ಹೆಸರನ್ನು ದೊಡ್ಡದಾಗಿ ಬರೆದುಕೊಂಡು, ಅರ್ಧ ಗಂಟೆಗೊಮ್ಮೆ ಹೋಗಿ ಇದು ಆಸ್ಪತ್ರೆ, ಇಂದು ಇಂಥ ವಾರ, ನಿಮ್ಮ ಹೆಂಡತಿ ಮನೆಯಲ್ಲಿ ಚೆನ್ನಾಗಿದ್ದಾರೆ ಎಂದು ಹೇಳಿದರು. ಐದನೆಯ ದಿನ ಅವರು ನಿದ್ದೆ ಮಾಡಿ ಎದ್ದು ಕಾಫಿ ಕೇಳಿದರು.

ಆಮೇಲೆ ಅವರ ಹೆಂಡತಿಯ ಜೊತೆ ಮಾತನಾಡಿದೆ. ಸೇರಿಸುವಾಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕುಡುಕ ಎಂದು ಗೊತ್ತಾದರೆ ಹಾಸಿಗೆ ಕೊಡುವುದಿಲ್ಲ ಎಂದುಕೊಂಡೆ ಮೇಡಂ. ಹಾಸಿಗೆಗೆ ಅಷ್ಟು ಜನ ಕಾಯುತ್ತಿದ್ದರಲ್ಲ.”

ಆ ವಾರವೇ ನಾವು ಆಡಳಿತದವರಿಗೆ ಪತ್ರ ಬರೆದೆವು. ಕೋವಿಡ್ ದಾಖಲಾತಿಯ ನಮೂನೆಯಲ್ಲಿ, ಸಕ್ಕರೆ ಕಾಯಿಲೆಯ ಸಾಲಿನ ಕೆಳಗೆ, ಇನ್ನೊಂದು ಸಾಲು ಬೇಕು: ಮದ್ಯಪಾನದ ಅಭ್ಯಾಸವಿದೆಯೇ, ಕೊನೆಯ ಸಲ ಯಾವಾಗ. ಕೇಳುವವರು ಎಲ್ಲರಿಗೂ ಕೇಳಬೇಕು, ಹೆಂಗಸರಿಗೂ, ಮೇಷ್ಟ್ರಿಗೂ, ಸ್ವಾಮಿಗಳಿಗೂ, ಮುಖ ನೋಡಿ ಅಲ್ಲ. ಕೇಳುವ ಮುಂಚೆ “ಇದರಿಂದ ನಿಮ್ಮ ಹಾಸಿಗೆ ಹೋಗುವುದಿಲ್ಲ” ಎಂದು ಹೇಳಬೇಕು. ಮೂರು ವಾರ ಓಡಾಡಿದ ಮೇಲೆ ಸಾಲು ಬಂತು. ಎರಡನೆಯ ಅಲೆಯಲ್ಲಿ ವಾರ್ಡು ತುಂಬಿ ಕಾರಿಡಾರಿನಲ್ಲೂ ಹಾಸಿಗೆ ಹಾಕಿದ್ದಾಗ, ಸಿಸ್ಟರುಗಳು ಆ ಸಾಲು ನೋಡಿ ನಮಗೆ ಮೊದಲ ದಿನವೇ ಫೋನ್ ಮಾಡುತ್ತಿದ್ದರು. ಮೂರನೆಯ ರಾತ್ರಿಯ ಫೋನುಗಳು ಕಡಿಮೆಯಾದವು.

ಮೇಸ್ತ್ರಿ ಈಗಲೂ ಕೆಲವೊಮ್ಮೆ ಸಂಜೆ ಫೋನ್ ಮಾಡುತ್ತಾರೆ. ಸ್ಮಾರ್ಟ್‌ಫೋನ್ ಬಂದಿದೆ, ಮನೆಯೂ ಬೇರೆಯಾಗಿದೆ, ಬೇಕಾದ್ದನ್ನು ಬಾಯಿಬಿಟ್ಟು ಹೇಳಬಹುದು. ಆದರೂ ಊಟದ ಮಾತಿನಲ್ಲೇ ಹೇಳುತ್ತಾರೆ.

ಕಳೆದ ತಿಂಗಳು ದಾಖಲಾತಿ ವಿಭಾಗಕ್ಕೆ ಹೋಗಿದ್ದೆ. ಹೊಸ ನಮೂನೆ ಅಚ್ಚಾಗಿ ಬಂದಿತ್ತು, ಒಳ್ಳೆಯ ಕಾಗದ, ಎರಡು ಬಣ್ಣ. ಸಕ್ಕರೆ ಕಾಯಿಲೆಯ ಕೆಳಗೆ ಅಲರ್ಜಿ ಇದೆ. ನಮ್ಮ ಸಾಲು ಇಲ್ಲ. ಯಾರೂ ಬೇಕೆಂದು ತೆಗೆದದ್ದಲ್ಲವಂತೆ, ಹಳೆಯ ಫೈಲಿನಿಂದ ಅಚ್ಚು ಹಾಕಿಸಿದ್ದಾರೆ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಅಂಚಿನ ಖಾಲಿ ಜಾಗದಲ್ಲಿ ಆ ಪ್ರಶ್ನೆಯನ್ನು ದುಂಡಗೆ ಬರೆದೆ. ಕೌಂಟರಿನ ಹುಡುಗಿ ಅದನ್ನು ಓದಿ ನೋಡಿ, “ಎಷ್ಟು ಜೆರಾಕ್ಸ್ ಬೇಕು ಮೇಡಂ?” ಎಂದಳು. ಸದ್ಯಕ್ಕೆ ಇನ್ನೂರು ಎಂದೆ.